ಮರೆಯಾಗಲು ಒಪ್ಪದ ಗೋಲ್‌ಕೀಪರ್ ಮೇಲೊಂದು ತಕರಾರು

ಮಾನ್ಯ ಶ್ರೀ ಮಾರ್ಟ್ ಪೂಮ್ ಅವರಿಗೆ,

ನೀವು ನನ್ನನ್ನು ಬಲ್ಲವರಲ್ಲ. ಬ್ಯಾಂಕೊಂದರಲ್ಲಿ ಮೂವತ್ತೈದು ವರ್ಷ ದುಡಿದು, ಅದರಲ್ಲಿ ಮುಕ್ಕಾಲುಪಾಲನ್ನು ಕ್ಯಾಷ್ ಕೌಂಟರಿನ ಗಾಜಿನ ಹಿಂದೆಯೇ ಕಳೆದು, 2009ರಲ್ಲಿ ನಿವೃತ್ತನಾದವನು ನಾನು. ನೀವು ನಿವೃತ್ತರಾದದ್ದೂ ಅದೇ ವರ್ಷ. ನಮ್ಮಿಬ್ಬರ ನಂಟು ಇಷ್ಟೇ. ತಕರಾರು ತೆಗೆಯಲು ಇಷ್ಟು ಧಾರಾಳವಾಗಿ ಸಾಕು.

ತಕರಾರು ಏನೆಂದರೆ, ನೀವು ನಿವೃತ್ತಿಯ ನಿಯಮ ಪಾಲಿಸಿಲ್ಲ.

ನಿವೃತ್ತನಾದವನನ್ನು ಜನ ಮರೆಯಬೇಕು, ಅದಕ್ಕೆ ಅವನೂ ಸಹಕರಿಸಬೇಕು. ನಾನು ಪೂರ್ತಿ ಸಹಕರಿಸಿದ್ದೇನೆ. ಬೀಳ್ಕೊಡುಗೆಯ ದಿನ ಒಂದು ಗಂಧದ ಹಾರ, ಒಂದು ಶಾಲು, ಒಂದು ಗೋಡೆ ಗಡಿಯಾರ ಕೊಟ್ಟರು. ಮ್ಯಾನೇಜರರು ಭಾಷಣದಲ್ಲಿ ನನ್ನ ಇನಿಷಿಯಲ್ ತಪ್ಪಾಗಿ ಹೇಳಿದರು. ತಿಂಗಳೊಪ್ಪತ್ತಿನಲ್ಲಿ ಪಾಸ್‌ಬುಕ್ ಎಂಟ್ರಿ ಮಾಡಿಸಲು ಅದೇ ಶಾಖೆಗೆ ಹೋದರೆ, ನನ್ನ ಕುರ್ಚಿಯಲ್ಲಿ ಕೂತಿದ್ದ ಹೊಸ ಹುಡುಗ ತಲೆ ಎತ್ತದೆಯೇ "ಟೋಕನ್ ತಗೊಂಡು ಕೂತ್ಕೊಳಿ ಅಂಕಲ್" ಅಂದ. ನಾನು ಟೋಕನ್ ತಗೊಂಡು ಕೂತೆ. ಶಿಸ್ತು ಅಂದರೆ ಇದು.

ನೀವೋ? ಆಟ ಬಿಟ್ಟು ಇಷ್ಟು ವರ್ಷವಾದರೂ ಇಂಗ್ಲೆಂಡಿನ ಎರಡು ಊರುಗಳಲ್ಲಿ ನಿಮ್ಮ ಹೆಸರೆತ್ತಿದರೆ ಮಧ್ಯವಯಸ್ಸಿನ ಗಂಡಸರ ಮುಖ ಅರಳುತ್ತದೆ. ನಿಮ್ಮ ದೇಶದಲ್ಲಂತೂ ಫುಟ್‌ಬಾಲ್ ಎಂಬ ಪದದ ಪಕ್ಕದಲ್ಲೇ ನಿಮ್ಮ ಹೆಸರು ಕೂತಿದೆ. ಇಷ್ಟು ಸಣ್ಣ ಹೆಸರು ಹೀಗೆ ಹೇಗೆ ಉಳಿಯಿತು ಅನ್ನುವುದೇ ಸೋಜಿಗ. ಕನ್ನಡದಲ್ಲಿ ‘ಪೂಮ್’ ಎಂದು ಬರೆದು ಅಚ್ಚಿಗೆ ಕೊಟ್ಟರೆ ಪ್ರೂಫ್ ನೋಡುವವರು ಮರುಮಾತಿಲ್ಲದೆ ‘ರೂಮ್’ ಮಾಡುತ್ತಾರೆ. ನಿಮ್ಮ ಭಾಷೆಯಲ್ಲಿ ಆ ಪದಕ್ಕೆ ಹಾಯಿಹಡಗಿನ ಅಡ್ಡದಿಮ್ಮಿ ಎಂಬ ಅರ್ಥವಿದೆಯಂತೆ. ಗೋಲಿನ ಅಡ್ಡಪಟ್ಟಿಯ ಕೆಳಗೆ ನಿಲ್ಲಲು ಹುಟ್ಟಿದವರಿಗೆ ಹೆಸರೂ ಹಾಗೇ ಸಿಕ್ಕಿತು ಅನ್ನಿ.

ಹಳೇ ಅಭ್ಯಾಸ, ಮೊದಲು ಲೆಕ್ಕ ನೋಡಿಬಿಡೋಣ.

1972ರ ಫೆಬ್ರವರಿ 3ರಂದು ಟಾಲಿನ್‌ನಲ್ಲಿ ನೀವು ಹುಟ್ಟಿದಾಗ ಎಸ್ಟೋನಿಯಾ ಎಂಬ ದೇಶ ಭೂಪಟದಲ್ಲಿ ಸೋವಿಯತ್ ಒಕ್ಕೂಟದ ಕೆಂಪು ಬಣ್ಣದೊಳಗೆ ಸೇರಿಹೋಗಿತ್ತು. ಆ ಕಾಲದಲ್ಲಿ ನಿಮ್ಮವರ ಪಾಲಿಗೆ ಫುಟ್‌ಬಾಲ್ ಹೆಚ್ಚುಕಮ್ಮಿ ರಷ್ಯನ್ನರ ಆಟ; ಎಸ್ಟೋನಿಯನ್ ಮಾತಾಡುವ ಮನೆಯ ಎತ್ತರದ ಹುಡುಗರು ಬ್ಯಾಸ್ಕೆಟ್‌ಬಾಲಿಗೆ ಹೋಗುತ್ತಿದ್ದರು. ಅಂಥದರಲ್ಲಿ ‘ಸಿಂಹಗಳು’ ಎಂಬ ಅರ್ಥದ ಹೆಸರಿಟ್ಟುಕೊಂಡ, ಎಸ್ಟೋನಿಯನ್ ಹುಡುಗರ ಒಂದು ತಂಡಕ್ಕೆ ನೀವು ಸೇರಿದಿರಿ. ಅಷ್ಟು ಎತ್ತರವಿದ್ದೂ ಬುಟ್ಟಿಗೆ ಚೆಂಡು ಹಾಕುವುದನ್ನು ಬಿಟ್ಟು, ಬಲೆಗೆ ಚೆಂಡು ಬೀಳದಂತೆ ನೋಡಿಕೊಳ್ಳುವ ಕೆಲಸ ಆರಿಸಿಕೊಂಡದ್ದು ನಿಮ್ಮ ಮೊದಲ ತಪ್ಪು. ಈ ಉದ್ಯೋಗದ ಬಗ್ಗೆ ನನಗೆ ಗೊತ್ತು, ಅದಕ್ಕೇ ಹೇಳುತ್ತಿದ್ದೇನೆ. ನಿಮ್ಮ ಬಾಗಿಲು 24 ಅಡಿ ಅಗಲ, 8 ಅಡಿ ಎತ್ತರ. ನನ್ನ ಕಿಂಡಿ ಒಂದಡಿ. ನೀವು ಕೈಗವಸಿಗೆ ಎಂಜಲು ಹಚ್ಚಿಕೊಳ್ಳುತ್ತಿದ್ದಿರಿ, ನಾನು ಒದ್ದೆ ಸ್ಪಂಜಿಗೆ ಬೆರಳು ಅದ್ದುತ್ತಿದ್ದೆ. ಉಳಿದದ್ದೆಲ್ಲ ಒಂದೇ. ದಿನವೂ ಕ್ಯಾಷ್ ಟ್ಯಾಲಿ ಆದರೆ ಯಾರೂ ಏನೂ ಅನ್ನುವುದಿಲ್ಲ. ಒಂದು ದಿನ ಐನೂರು ಶಾರ್ಟ್ ಬಂದರೆ ಸಂಜೆಯೊಳಗೆ ಕ್ಯಾಂಟೀನ್ ಹುಡುಗನಿಗೂ ಗೊತ್ತಾಗುತ್ತದೆ.

1991ರ ಆಗಸ್ಟ್ 20ರಂದು ನಿಮ್ಮ ದೇಶ ಮತ್ತೆ ಸ್ವತಂತ್ರವಾಯಿತು. 1992ರ ಜೂನ್ 3ರಂದು ಟಾಲಿನ್‌ನಲ್ಲಿ ಸ್ಲೊವೇನಿಯಾ ವಿರುದ್ಧ ಮರುಹುಟ್ಟು ಪಡೆದ ತಂಡದ ಮೊದಲ ಪಂದ್ಯ, ಗೋಲಿನಲ್ಲಿ ಇಪ್ಪತ್ತು ವರ್ಷದ ನೀವು, ಫಲಿತಾಂಶ 1–1. ಇಲ್ಲೊಂದು ವಿಷಯ ಕ್ಯಾಷಿಯರನ ಕಣ್ಣಿಗೆ ಮಾತ್ರ ಬೀಳುವಂಥದ್ದು. ಆ ದಿನ ಪಂದ್ಯ ನೋಡಲು ಬಂದವರ ಜೇಬಿನಲ್ಲಿ ಇನ್ನೂ ರೂಬಲ್ಲೇ ಇತ್ತು. ನಿಮ್ಮ ದೇಶದ ಸ್ವಂತ ನೋಟು, ಕ್ರೂನ್, ಬಂದದ್ದು ಅದೇ ಜೂನ್ 20ರಂದು. ಅಂದರೆ ಎಸ್ಟೋನಿಯಾಕ್ಕೆ ಮೊದಲು ಗೋಲ್‌ಕೀಪರ್ ಬಂದರು, ಹದಿನೇಳು ದಿನ ಬಿಟ್ಟು ದುಡ್ಡು ಬಂತು. ಖಜಾನೆಗೆ ಮೊದಲೇ ಕಾವಲುಗಾರನನ್ನು ನೇಮಿಸಿಕೊಂಡ ಸರ್ಕಾರವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆ ಕಾವಲಿನ ಫಲ? 1994ರ ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ಎಸ್ಟೋನಿಯಾ ಆಡಿದ್ದು ಹತ್ತು ಪಂದ್ಯ, ಹೊಡೆದದ್ದು ಒಂದು ಗೋಲು, ಬಿಟ್ಟದ್ದು 27. ಮಾಲ್ಟಾ ಜೊತೆಗಿನ ಒಂದು 0–0 ಬಿಟ್ಟರೆ ಉಳಿದ ಒಂಬತ್ತೂ ಸೋಲು. ಮುಂದಿನ ಯುರೋ ಕಪ್ ಅರ್ಹತಾ ಸುತ್ತಿನಲ್ಲಿ ಆ ಒಂದು ಡ್ರಾ ಕೂಡ ಇಲ್ಲ. ಹತ್ತಕ್ಕೆ ಹತ್ತೂ ಹೋಯಿತು. ಎಲ್ಲ ಪಂದ್ಯದಲ್ಲೂ ನೀವೇ ನಿಂತಿದ್ದಿರಿ ಎಂದು ನಾನು ಹೇಳುತ್ತಿಲ್ಲ. ಆದರೆ ಶಾಖೆಯ ಶಾರ್ಟೇಜಿಗೆ ಯಾವತ್ತಿದ್ದರೂ ಹೆಸರು ಕ್ಯಾಷಿಯರನದೇ. ಇಂಥ ಬ್ಯಾಲೆನ್ಸ್ ಷೀಟ್ ಇಟ್ಟುಕೊಂಡು ನಾನು ಮೇಲಿನವರ ಎದುರು ನಿಂತಿದ್ದರೆ ಅವತ್ತೇ ಸಸ್ಪೆನ್ಷನ್ ಆರ್ಡರ್ ಟೈಪ್ ಆಗುತ್ತಿತ್ತು. ನಿಮಗೆ? 1993ರಲ್ಲೂ 1994ರಲ್ಲೂ ಎಸ್ಟೋನಿಯಾದ ವರ್ಷದ ಫುಟ್‌ಬಾಲ್ ಆಟಗಾರ ಪ್ರಶಸ್ತಿ. ಒಟ್ಟು ಆರು ಸಲ ಕೊಟ್ಟರು. ಬಾಗಿಲಿಗೆ ಬಂದ ಕಳ್ಳರು ನೂರು ಮಂದಿ, ಒಳಗೆ ಹೋದವರು 27 ಮಂದಿ ಮಾತ್ರ ಎಂದು ನಿಮ್ಮ ಜನ ಲೆಕ್ಕ ಹಾಕಿದರೇನೋ. ಹಾಗೆ ಲೆಕ್ಕ ಹಾಕುವ ಆಡಿಟರು ನನಗೆ ಒಬ್ಬರೂ ಸಿಗಲಿಲ್ಲ.

ಇನ್ನು ನಿಮ್ಮ ತಂಡ ಕೆಲಸಕ್ಕೇ ಹಾಜರಾಗದೆ ಹೆಸರು ಮಾಡಿದ ಕಥೆ. ಇದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

1996ರ ಅಕ್ಟೋಬರ್ 9. ಸ್ಕಾಟ್ಲೆಂಡ್ ವಿರುದ್ಧ ವಿಶ್ವಕಪ್ ಅರ್ಹತಾ ಪಂದ್ಯ, ಟಾಲಿನ್‌ನ ಕಾದ್ರಿಯೋರ್ಗ್ ಮೈದಾನದಲ್ಲಿ, ಸಂಜೆ 6.45ಕ್ಕೆ. ತಾತ್ಕಾಲಿಕವಾಗಿ ತಂದು ನಿಲ್ಲಿಸಿದ ದೀಪಗಳ ಬೆಳಕು ಸರಿಯಿಲ್ಲ ಎಂದು ಸ್ಕಾಟ್ಲೆಂಡ್‌ನವರು ದೂರು ಕೊಟ್ಟರು. ಫಿಫಾ ಅಧಿಕಾರಿಗಳು ಪಂದ್ಯದ ದಿನ ಬೆಳಿಗ್ಗೆ ಸಮಯವನ್ನು ಮಧ್ಯಾಹ್ನ 3ಕ್ಕೆ ಎಳೆದರು. ನಿಮ್ಮ ತಂಡ ಊರಾಚೆಯ ಶಿಬಿರದಲ್ಲಿತ್ತು. ಹೇಳಿದ ಹೊತ್ತಿಗೆ ಬರುತ್ತೇವೆ, ಬದಲಾಯಿಸಿದ ಹೊತ್ತಿಗೆ ಬರುವುದಿಲ್ಲ ಎಂದು ನಿಮ್ಮವರು ಕೂತುಬಿಟ್ಟರು. ಮೂರು ಗಂಟೆಗೆ ಸ್ಕಾಟ್ಲೆಂಡ್‌ನ ಹನ್ನೊಂದು ಮಂದಿ ಮೈದಾನಕ್ಕಿಳಿದರು. ಎದುರಿಗೆ ಹುಲ್ಲು, ಆಚೆ ತುದಿಯಲ್ಲಿ ಖಾಲಿ ಗೋಲು. ಒಬ್ಬ ಚೆಂಡು ತಳ್ಳಿದ, ಇನ್ನೊಬ್ಬ ಮುಟ್ಟಿದ, ರೆಫರಿ ಸೀಟಿ ಊದಿದರು. ಮೂರು ಸೆಕೆಂಡಿಗೆ ಪಂದ್ಯ ಮುಗಿಯಿತು. ಟಾಲಿನ್‌ನಲ್ಲಿ ಇರುವುದೇ ಒಂದು ತಂಡ ಎಂದು ಸ್ಕಾಟ್ಲೆಂಡ್‌ನ ಅಭಿಮಾನಿಗಳು ಕಿಲ್ಟ್ ಕುಣಿಸಿಕೊಂಡು ಹಾಡಿದರು. ಪಂದ್ಯವನ್ನು ತಮಗೆ 3–0 ಎಂದು ಬರೆಯುತ್ತಾರೆ ಅಂತ ಅವರಿಗೆ ಖಾತ್ರಿಯಿತ್ತು.

ಬರೆಯಲಿಲ್ಲ. ಮತ್ತೆ ಆಡಿ ಎಂದು ತೀರ್ಪಾಯಿತು, ಅದೂ ಎಲ್ಲಿ, ಮೊನಾಕೊದಲ್ಲಿ. 1997ರ ಫೆಬ್ರವರಿ 11ರಂದು ಅಲ್ಲಿ ನೀವು ಸರಿಯಾದ ಸಮಯಕ್ಕೆ ಹಾಜರಾದಿರಿ ಮತ್ತು ಒಂದೂ ಚೆಂಡನ್ನು ಒಳಗೆ ಬಿಡಲಿಲ್ಲ. 0–0. ಗೈರುಹಾಜರಿಗೆ ಶಿಕ್ಷೆಯಾಗಿ ಸಮುದ್ರ ತೀರದ ಶ್ರೀಮಂತರೂರಿಗೆ ಕಳಿಸಿ, ಅಲ್ಲಿಂದ ಒಂದು ಅಂಕವನ್ನೂ ಕೊಟ್ಟು ವಾಪಸ್ ಕರೆಸಿಕೊಳ್ಳುವ ಸಂಸ್ಥೆ ಇದ್ದರೆ ವಿಳಾಸ ಕಳಿಸಿ. ಅರ್ಧ ದಿನ ತಡವಾಗಿ ಬಂದದ್ದಕ್ಕೆ ನನ್ನ ಅರ್ಧ ಸಿ.ಎಲ್. ಕತ್ತರಿಸಿದವರಿಗೆ ಅದನ್ನು ತೋರಿಸಬೇಕು.

ಮುಂದಿನ ತಿಂಗಳೇ ಡರ್ಬಿ ಕೌಂಟಿ ನಿಮ್ಮನ್ನು ಕೊಂಡಿತು. ಅದಕ್ಕೂ ಮೊದಲು ಫಿನ್‌ಲೆಂಡಿನಲ್ಲಿ ಸ್ವಲ್ಪ, ಸ್ವಿಟ್ಜರ್‌ಲೆಂಡಿನಲ್ಲಿ ಸ್ವಲ್ಪ ಆಡಿದ್ದಿರಿ. 1994ರಿಂದ ಎರಡು ವರ್ಷ ಪೋರ್ಟ್ಸ್‌ಮತ್ ಕ್ಲಬ್ಬಿನಲ್ಲಿದ್ದು ಆಡಿದ್ದು ಬೆರಳೆಣಿಕೆಯ ಪಂದ್ಯ, ಬಾಕಿಯೆಲ್ಲ ಬೆಂಚು. ಆದರೂ ಅಲ್ಲಿ ನಿಮ್ಮನ್ನು ಕರೆತಂದಿದ್ದ ಜಿಮ್ ಸ್ಮಿತ್ ಎಂಬ ಮ್ಯಾನೇಜರ್ ಡರ್ಬಿಗೆ ಬಂದ ಮೇಲೂ ನಿಮ್ಮನ್ನು ಮರೆಯಲಿಲ್ಲ. ಬೆಂಚಿನ ಮೇಲೆ ಕೂತವನ ಮುಖ ನೆನಪಿಟ್ಟುಕೊಳ್ಳುವ ಮ್ಯಾನೇಜರ್! ನನ್ನವರಿಗೆ ನನ್ನ ಇನಿಷಿಯಲ್ಲೂ ನೆನಪಿರಲಿಲ್ಲ, ಆ ಮಾತು ಆಗಲೇ ಹೇಳಿದೆ. 5 ಲಕ್ಷ ಪೌಂಡಿಗೆ ಖರೀದಿ. ಆರು ವರ್ಷ ಬಳಸಿಕೊಂಡು ಡರ್ಬಿಯವರು ಸಂಡರ್‌ಲೆಂಡಿಗೆ ಮಾರಿದ್ದು 25 ಲಕ್ಷ ಪೌಂಡಿಗೆ. ಎಫ್.ಡಿ. ಇಟ್ಟಿದ್ದರೂ ಇಷ್ಟು ಬಡ್ಡಿ ಬರುತ್ತಿರಲಿಲ್ಲ.

ಆ ಕಾಲಕ್ಕೆ ನಮ್ಮ ಮನೆಗೆ ಕೇಬಲ್ ಬಂದಿತ್ತು. ಶನಿವಾರ ಅರ್ಧ ದಿನದ ಕ್ಯಾಷ್ ಮುಗಿಸಿ, ಊಟ ಮಾಡಿ, ನಿದ್ದೆ ತೆಗೆದು, ಸಂಜೆಯ ಮೇಲೆ ಇಂಗ್ಲೆಂಡಿನ ಪಂದ್ಯ ಹಾಕಿಕೊಂಡು ಕೂರುವುದು ನನ್ನ ದುರಭ್ಯಾಸ. ಎಲ್ಲರೂ ಗೋಲು ಹೊಡೆಯುವವರನ್ನು ನೋಡಿದರೆ ನನ್ನ ಕಣ್ಣು ಮಾತ್ರ ಕಟಾಂಜನದೊಳಗಿನವನ ಮೇಲೆ. ವೃತ್ತಿಬಾಂಧವ್ಯ.

1997ರ ಏಪ್ರಿಲ್ 5ರಂದು ಓಲ್ಡ್ ಟ್ರಾಫರ್ಡ್‌ನಲ್ಲಿ ಡರ್ಬಿ ಪರವಾಗಿ ನಿಮ್ಮ ಮೊದಲ ಪಂದ್ಯ. ಪ್ರೀಮಿಯರ್ ಲೀಗಿಗೆ ಕಾಲಿಟ್ಟ ಮೊದಲ ಎಸ್ಟೋನಿಯನ್ ನೀವೇ. ಎದುರಾಳಿ ಮ್ಯಾಂಚೆಸ್ಟರ್ ಯುನೈಟೆಡ್, ಆ ವರ್ಷ ಚಾಂಪಿಯನ್ ಆದ ತಂಡ. ಡರ್ಬಿ 3–2ರಿಂದ ಗೆದ್ದಿತು. ಆದರೆ ಆ ಪಂದ್ಯ ಎಂದಾಕ್ಷಣ ಜನ ಹೇಳುವುದು ಅವತ್ತೇ ಮೊದಲ ಬಾರಿ ಇಳಿದ ಕೋಸ್ಟರಿಕಾದ ಪೌಲೊ ವಾಂಚೋಪ್ ಹೆಸರು. ಉದ್ದನೆಯ ಕಾಲುಗಳ ಆತ ತನ್ನ ಅರ್ಧದಿಂದಲೇ ಚೆಂಡು ಹಿಡಿದು ಓಡಿ ಒಬ್ಬೊಬ್ಬರನ್ನೇ ದಾಟಿ ಹೊಡೆದ ಗೋಲನ್ನು ಡರ್ಬಿಯವರು ಕನಸಲ್ಲೂ ಕಾಣುತ್ತಾರಂತೆ. ನೀವು ಎರಡು ಬಿಟ್ಟಿರಿ, ಎಷ್ಟು ತಡೆದಿರಿ ಎಂದು ಬರೆದಿಟ್ಟವರು ಕಡಿಮೆ. ಆಗ ನನಗೆ ನಿಮ್ಮ ಮೇಲೆ ಕನಿಕರವಿತ್ತು. ನಮ್ಮ ಜಾತಿಯವನೇ, ಹೀಗೇ ಮರೆತುಹೋಗುತ್ತಾನೆ ಅಂದುಕೊಂಡಿದ್ದೆ. ಆ ಕನಿಕರವನ್ನು ಬಡ್ಡಿಸಮೇತ ವಾಪಸ್ ಮಾಡಬೇಕಾಗಿ ಕೋರಿಕೆ.

ಮರೆತುಹೋಗಲಿಲ್ಲ ಎಂದು ಗೊತ್ತಾದದ್ದು ನಾನೇ ಡರ್ಬಿಗೆ ಹೋದಾಗ. ಅಳಿಯ ಎಂಜಿನಿಯರ್, ವಿಮಾನದ ಎಂಜಿನ್ ಮಾಡುವ ಆ ಊರಿನಲ್ಲಿ ಕನ್ನಡ ಮಾತಾಡುವ ಅಂಥ ಹುಡುಗರು ಸಾಕಷ್ಟಿದ್ದಾರೆ. ನಿವೃತ್ತಿಯಾಗಿ ಎರಡು ವರ್ಷವಾಗಿತ್ತು. ಮೊಮ್ಮಗುವನ್ನು ನೋಡಿಕೊಳ್ಳಲು ಹೋದವರಿಗೆ ತಿಂಗಳ ಮೇಲೆ ತಲೆಗೂದಲು ಕಿವಿಗೆ ಇಳಿಯುತ್ತದೆ. ಮಗಳು ತೋರಿಸಿದ ಬೀದಿಯ ಕೊನೆಯ ಕ್ಷೌರದಂಗಡಿಗೆ ಹೋದೆ. ಅಂಗಡಿಯಾತನಿಗೆ ನನ್ನಷ್ಟೇ ವಯಸ್ಸು, ನನಗಿಂತ ಹೆಚ್ಚು ಹೊಟ್ಟೆ. ಗೋಡೆಯ ಮೇಲೆ ಟಗರಿನ ಚಿತ್ರವಿರುವ ಒಂದು ಮಾಸಿದ ಸ್ಕಾರ್ಫ್. ಡರ್ಬಿಯವರ ಲಾಂಛನ ಟಗರು ಎಂದು ನನಗೆ ಗೊತ್ತಿತ್ತು. ಮಾತಿಗೆ ಮಾತು ಸೇರಿಸಲು, ಮೈದಾನಕ್ಕೆ ಬೇಸ್‌ಬಾಲ್ ಗ್ರೌಂಡ್ ಅಂತ ಹೆಸರಿಟ್ಟುಕೊಂಡು ಅದರಲ್ಲಿ ಫುಟ್‌ಬಾಲ್ ಆಡುತ್ತಿದ್ದ ಊರಲ್ಲವೇ ನಿಮ್ಮದು ಅಂದೆ. ನಕ್ಕ. ಅದನ್ನು 1997ರಲ್ಲೇ ಬಿಟ್ಟೆವು, ಈಗ ಪ್ರೈಡ್ ಪಾರ್ಕ್ ಅಂದ. ಯಾವ ಆಟಗಾರ ಗೊತ್ತು ನಿನಗೆ ಅಂತ ಕೇಳಿದ.

"ಪೂಮ್" ಅಂದೆ.

ಕತ್ತರಿ ನನ್ನ ಎಡಗಿವಿಯ ಮೇಲೆ ನಿಂತಿತು. ಕನ್ನಡಿಯಲ್ಲಿ ನೋಡಿದರೆ ಆತ ಕತ್ತರಿ ಹಿಡಿದ ಕೈಯನ್ನೂ ಬಾಚಣಿಗೆ ಹಿಡಿದ ಕೈಯನ್ನೂ ಮೇಲೆತ್ತಿ, ಬಾಯಿ ದುಂಡಗೆ ಮಾಡಿ, ಹಸು ಅಂಬಾ ಅಂದಂತೆ "ಪೂ...ಊ...ಮ್" ಎಂದು ಕೂಗಿದ. ಕಾಯುತ್ತ ಕೂತಿದ್ದ ಇನ್ನೊಬ್ಬ ಪತ್ರಿಕೆಯ ಹಿಂದಿನಿಂದಲೇ ಅದಕ್ಕೆ ದನಿಗೂಡಿಸಿದ. ನೀವು ಚೆಂಡು ಹಿಡಿದಾಗಲೆಲ್ಲ ಹಾಗೆ ಕೂಗುತ್ತಿದ್ದೆವು, ಹೊಸಬರು ಕೇಳಿದರೆ ಸ್ವಂತ ಗೋಲ್‌ಕೀಪರನಿಗೇ ಛೀಮಾರಿ ಹಾಕುತ್ತಿದ್ದಾರೆ ಅಂದುಕೊಳ್ಳುತ್ತಿದ್ದರು ಎಂದು ವಿವರಿಸಿದ. 2000ದಲ್ಲಿ ಕ್ಲಬ್ಬಿನ ವರ್ಷದ ಆಟಗಾರ ನೀವೇ ಎಂದ. ತಂಡ 2002ರಲ್ಲಿ ಕೆಳಗಿನ ಲೀಗಿಗೆ ಜಾರಿದ್ದನ್ನು ಮಾತ್ರ, ಮನೆಯ ಸಾವಿನ ಸುದ್ದಿಯಂತೆ, ಬೇಗ ಹೇಳಿ ಮುಗಿಸಿದ.

ಆಮೇಲೆ ಬಂತು 2003ರ ಸೆಪ್ಟೆಂಬರ್ 20.

ಅಷ್ಟರಲ್ಲಿ ನೀವು ಸಂಡರ್‌ಲೆಂಡಿನವರಾಗಿದ್ದಿರಿ. ಆ ನಿರ್ಧಾರದ ಬಗ್ಗೆಯೂ ಒಂದು ಮಾತಿದೆ. ನೀವು ಸೇರಿದ್ದು 2003ರ ಏಪ್ರಿಲ್; ಆ ಋತುವಿನಲ್ಲಿ ಸಂಡರ್‌ಲೆಂಡ್ ಗಳಿಸಿದ್ದು ಒಟ್ಟು 19 ಅಂಕ. ಮುಳುಗಿದ ಹಡಗಿನಿಂದ ಈಜಿ ಬಂದು ಮುಳುಗುತ್ತಿರುವ ಇನ್ನೊಂದು ಹಡಗಿಗೆ ಟಿಕೆಟ್ ಕೊಂಡು ಹತ್ತಿದ ಪ್ರಯಾಣಿಕರು ನೀವು. ಇರಲಿ. ಹೊಸ ಋತುವಿನಲ್ಲಿ ಸಂಡರ್‌ಲೆಂಡ್ ತಂಡ ಡರ್ಬಿಯ ಪ್ರೈಡ್ ಪಾರ್ಕಿಗೆ ಬಂತು. ಡರ್ಬಿ 1–0 ಮುಂದಿತ್ತು. ತೊಂಬತ್ತು ನಿಮಿಷ ಮುಗಿದು ರೆಫರಿ ಸೇರಿಸಿದ ಸಮಯವೂ ಕರಗುತ್ತಿತ್ತು. ಕ್ಷೌರಿಕ ಗೆಳೆಯ ಅವತ್ತು ಗ್ಯಾಲರಿಯಲ್ಲಿದ್ದನಂತೆ. ಹಸಿರು ನೆಲದ ಆ ತುದಿಯಿಂದ ಈ ತುದಿಗೆ ನೀವು ಓಡಿಬಂದದ್ದನ್ನು ಅವನು ನನ್ನ ತಲೆಯ ಮೇಲೆ ಬಾಚಣಿಗೆ ಓಡಿಸಿ ತೋರಿಸಿದ. ಗೋಲ್‌ಕೀಪರುಗಳು ಕೊನೆಯ ನಿಮಿಷದಲ್ಲಿ ಹಾಗೆ ಓಡಿಬರುವುದು ಹೊಸದೇನಲ್ಲ. ಹೆಚ್ಚಿನವರು ಮದುವೆ ಮನೆಗೆ ಕರೆಯದೆ ಬಂದವರ ಹಾಗೆ ಗುಂಪಿನಂಚಿನಲ್ಲಿ ನಿಂತು, ಏನೂ ಆಗದೆ, ತಮ್ಮ ಖಾಲಿ ಮನೆಗೆ ಏದುಸಿರು ಬಿಡುತ್ತ ವಾಪಸ್ ಓಡುತ್ತಾರೆ. ನೀವು ಹಾಗೆ ಮಾಡಬೇಕಿತ್ತು. ಚೆಂಡು ಗಾಳಿಯಲ್ಲಿ ಬಂತು, ನೀವು ಓಟದ ವೇಗದಲ್ಲೇ ಎದ್ದಿರಿ, ಹಣೆಗೆ ಕೂತ ಚೆಂಡು ಬಲೆಯಲ್ಲಿತ್ತು. ಜೀವಮಾನವೆಲ್ಲ ಗೋಲುಗಳನ್ನು ಕೊಡುವುದಿಲ್ಲ ಎಂದು ಹಟ ಹಿಡಿದವರು ಒಂದನ್ನು ಹೊಡೆದಿರಿ. ಅದೂ ನಿಮ್ಮನ್ನು ಸಾಕಿದ ಮನೆಗೆ. ಗೂಳಿಯ ಹಾಗೆ ನುಗ್ಗಿ ಕೊಟ್ಟ ಹೆಡರ್ ಅದು, ವೃತ್ತಿಪರ ಫಾರ್ವರ್ಡುಗಳು ನಾಚಬೇಕು.

ಇಷ್ಟಕ್ಕೇ ಬಿಟ್ಟಿದ್ದರೆ ಕ್ಷಮಿಸಬಹುದಿತ್ತು. ಗೋಲು ಹೊಡೆದವರು ಅಂಗಿ ಕಿತ್ತೆಸೆದು, ಮಂಡಿಯ ಮೇಲೆ ಜಾರಿ, ಕಿವಿಗೆ ಕೈ ಹಿಡಿದು, ಎದುರಾಳಿಗಳನ್ನು ಅಣಕಿಸಿ, ಒಟ್ಟಿನಲ್ಲಿ ನಾಲ್ಕು ಜನರ ದ್ವೇಷ ಕಟ್ಟಿಕೊಳ್ಳುವುದು ವಾಡಿಕೆ. ನೀವು ಕುಣಿಯಲಿಲ್ಲ. ಹಳೇ ಕ್ಲಬ್ಬಿನ ಅಂಗಳ ಎಂದು ಸಂಭ್ರಮವನ್ನು ನುಂಗಿಕೊಂಡು, ಏನೋ ತಪ್ಪು ಮಾಡಿದವರಂತೆ ನಿಮ್ಮ ಜಾಗಕ್ಕೆ ನಡೆದಿರಿ. ಇದು ನನ್ನ ಪ್ರಕಾರ ಶುದ್ಧ ಕುತಂತ್ರ. ಸಂಡರ್‌ಲೆಂಡಿನವರು ಗೋಲಿಗಾಗಿ ನಿಮ್ಮನ್ನು ಎದೆಗೆ ಹಚ್ಚಿಕೊಂಡರು, ಡರ್ಬಿಯವರು ಆ ಮೌನಕ್ಕಾಗಿ. ಒಂದೇ ವೋಚರನ್ನು ಎರಡು ಖಾತೆಗೆ ಜಮಾ ಮಾಡಿಸಿಕೊಂಡದ್ದನ್ನು ನಮ್ಮಲ್ಲಿ ವಂಚನೆ ಅನ್ನುತ್ತಾರೆ.

"ನೀನೇನು ಮಾಡಿದೆ?" ಅಂತ ಕ್ಷೌರಿಕನನ್ನು ಕೇಳಿದೆ.

"ಬೈದೆ. ಆಮೇಲೆ ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಆಮೇಲೆ ಚಪ್ಪಾಳೆ ತಟ್ಟಿದ್ದಕ್ಕೆ ನನ್ನನ್ನೇ ಬೈದುಕೊಂಡೆ."

ಇಷ್ಟೆಲ್ಲ ಹೇಳುವ ಉತ್ಸಾಹದಲ್ಲಿ ನನ್ನ ಎಡಗೆನ್ನೆಯ ಕೂದಲು ಬಲಗೆನ್ನೆಯದಕ್ಕಿಂತ ಅರ್ಧ ಇಂಚು ಗಿಡ್ಡವಾಯಿತು. ಅಂದರೆ ನಿಮ್ಮಿಂದ ನನಗಾದ ನಷ್ಟ ಬರೀ ಮಾನಸಿಕವಾದದ್ದೂ ಅಲ್ಲ.

ಉಳಿದ ಕಥೆ ಬೇಗ ಹೇಳಬಹುದು, ಅದರ ಬಹುಪಾಲು ಮಂಡಿಯ ಕಥೆ. ಗಾಯ, ಶಸ್ತ್ರಚಿಕಿತ್ಸೆ, ವಿಶ್ರಾಂತಿ, ಮತ್ತೆ ಗಾಯ. 2005ರಲ್ಲಿ ಆರ್ಸೆನಲ್‌ಗೆ ಎರವಲಾಗಿ ಹೋಗಿ, ಮರುವರ್ಷ ಅಲ್ಲಿಯವರೇ ಆದಿರಿ. ಯೆನ್ಸ್ ಲೆಹ್ಮನ್ ಒಬ್ಬರು, ಮಾನ್ಯುಯೆಲ್ ಅಲ್ಮುನಿಯಾ ಇನ್ನೊಬ್ಬರು, ಅವರ ಹಿಂದೆ ನೀವು. 2006ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನ ಚಾಂಪಿಯನ್ಸ್ ಲೀಗ್ ಫೈನಲ್ಲಿನಲ್ಲಿ ಲೆಹ್ಮನ್ 18ನೇ ನಿಮಿಷಕ್ಕೆ ಕೆಂಪು ಕಾರ್ಡ್ ಪಡೆದು ಹೊರನಡೆದಾಗ ಒಳಗೆ ಬಂದದ್ದು ಅಲ್ಮುನಿಯಾ. ಬ್ಯಾಂಕಿನಲ್ಲಿ ಇದಕ್ಕೆ ಸ್ಪೇರ್ ಕೀ ಅನ್ನುತ್ತೇವೆ: ಬೇರೊಂದು ಶಾಖೆಯ ಸೇಫಿನಲ್ಲಿ, ಸೀಲು ಹಾಕಿದ ಲಕೋಟೆಯಲ್ಲಿ, ಯಾರೂ ಕೇಳದೆ ವರ್ಷಗಟ್ಟಲೆ ಮಲಗಿರುತ್ತದೆ. ಆರ್ಸೆನಲ್ ಪರವಾಗಿ ಲೀಗಿನಲ್ಲಿ ನಿಮಗೆ ಸಿಕ್ಕಿದ್ದು ಒಂದೇ ಒಂದು ಪಂದ್ಯ. 2007ರ ಮೇ 13, ಋತುವಿನ ಕೊನೇ ದಿನ, ಸ್ಥಳ ಪೋರ್ಟ್ಸ್‌ಮತ್. ಹದಿಮೂರು ವರ್ಷದ ಹಿಂದೆ ನೀವು ಬೆಂಚು ಸವೆಸಿದ ಊರೇ. 0–0. ಒಂದು ದಿನ ಕೌಂಟರಿಗೆ ಕೂರಿಸಿದರು, ಅವತ್ತೂ ಕ್ಯಾಷ್ ಟ್ಯಾಲಿ. ಆಮೇಲೆ ವಾಟ್‌ಫರ್ಡ್.

ಇಷ್ಟರ ನಡುವೆ ನೀಲಿ ಅಂಗಿ ಮಾತ್ರ ಬಿಡಲಿಲ್ಲ. ನೀವು ದೇಶಕ್ಕಾಗಿ 120 ಪಂದ್ಯ ಆಡಿದಿರಿ. ಒಂದೂ ವಿಶ್ವಕಪ್ ಇಲ್ಲ, ಒಂದೂ ಯುರೋ ಕಪ್ ಇಲ್ಲ. 2001ರ ಜೂನ್‌ನಲ್ಲಿ ಟಾಲಿನ್‌ನ ಹೊಸ ಮೈದಾನದಲ್ಲಿ (ಅದಕ್ಕೊಂದು ಬಿಯರ್ ಕಂಪನಿಯ ಹೆಸರಿಟ್ಟಿದ್ದೀರಿ, ನಿಮ್ಮವರ ಪ್ರಾಮಾಣಿಕತೆ ಮೆಚ್ಚತಕ್ಕದ್ದು) ನೆದರ್‌ಲೆಂಡ್ಸ್ ವಿರುದ್ಧ ಎಸ್ಟೋನಿಯಾ ಕೊನೆಯ ಹತ್ತು ನಿಮಿಷದವರೆಗೆ 2–1 ಮುಂದಿದ್ದು 2–4ರಿಂದ ಸೋತಿತು. 2007ರಲ್ಲಿ ಇಂಗ್ಲೆಂಡ್ ನಿಮ್ಮಲ್ಲಿಗೆ ಬಂದು 3–0 ಗೆದ್ದಿತು, ನೀವು ವೆಂಬ್ಲಿಗೆ ಹೋದಾಗ ಮತ್ತೆ 3–0. ಇಂಥ ಖಾತೆಪುಸ್ತಕ ಇಟ್ಟುಕೊಂಡು, ಯುಇಎಫ್‌ಎ ತನ್ನ ಐವತ್ತನೇ ವರ್ಷದ ನೆನಪಿಗೆ ಪ್ರತಿ ದೇಶದಿಂದಲೂ ಒಬ್ಬೊಬ್ಬ ಚಿನ್ನದ ಆಟಗಾರನ ಹೆಸರು ಕೇಳಿದಾಗ ಎಸ್ಟೋನಿಯಾ ಕೊಟ್ಟದ್ದು ನಿಮ್ಮ ಹೆಸರನ್ನು. ಕಪ್ ಎತ್ತಿದವರನ್ನು ನೆನಪಿಡುವುದು ಎಲ್ಲರಿಗೂ ಗೊತ್ತು. ನಿಮ್ಮ 13 ಲಕ್ಷ ಜನ ಬಾಗಿಲಲ್ಲಿ ನಿಂತವನನ್ನು ನೆನಪಿಟ್ಟುಕೊಂಡರು. ನಮ್ಮ ಹಳೆಯ ಗುಡಿಗಳಲ್ಲಿ ಒಂದು ವಿಚಿತ್ರ ನೋಡಿದ್ದೇನೆ: ಗರ್ಭಗುಡಿಯ ದೇವರಿಗಿಂತ ಹೊರಗೆ ಗದೆ ಹಿಡಿದ ದ್ವಾರಪಾಲಕರ ವಿಗ್ರಹ ದೊಡ್ಡದಿರುತ್ತದೆ. ಶಿಲ್ಪಿಗೆ ಅಳತೆ ತಪ್ಪಿತು ಅಂತ ಇಷ್ಟು ದಿನ ಅಂದುಕೊಂಡಿದ್ದೆ.

2009ರ ಜೂನ್ 10ರಂದು ಅದೇ ಬಿಯರ್ ಮೈದಾನದಲ್ಲಿ ಪೋರ್ಚುಗಲ್ ವಿರುದ್ಧ ನಿಮ್ಮ ವಿದಾಯದ ಪಂದ್ಯ. 0–0. ನನ್ನ ಕೊನೇ ದಿನವೂ ಕ್ಯಾಷ್ ಟ್ಯಾಲಿ ಆಗಿತ್ತು, ಆದರೆ ಅದನ್ನು ನೋಡಲು ಮೈದಾನ ತುಂಬಿರಲಿಲ್ಲ. ಸ್ಟ್ರಾಂಗ್ ರೂಮಿನ ಬಾಗಿಲಲ್ಲಿ ಜಾಯಿಂಟ್ ಕಸ್ಟೋಡಿಯನ್ ಒಬ್ಬರೇ, ಬಸ್ಸಿಗೆ ಹೊತ್ತಾಯಿತು ಎಂದು ಗೊಣಗುತ್ತ.

ನಿವೃತ್ತಿಯ ನಂತರವಾದರೂ ಸುಮ್ಮನಿರುತ್ತೀರಿ ಅಂದರೆ ಗೋಲ್‌ಕೀಪರುಗಳಿಗೆ ಪಾಠ ಹೇಳಲು ಹೊರಟಿರಿ. ಮಕ್ಕಳಿಗೆ ನಿಮ್ಮ ಹೆಸರಿನದೇ ಫುಟ್‌ಬಾಲ್ ಶಾಲೆ ಇದೆ. ಸಂತೋಷದ ಸಂಗತಿ ಎಂದರೆ ನಿಮ್ಮ ಮಗ ಮಾರ್ಕುಸ್ ಕೂಡ ಎಸ್ಟೋನಿಯಾಕ್ಕೆ ಆಡುತ್ತಾರೆ, ಆದರೆ ಮಿಡ್‌ಫೀಲ್ಡರ್ ಆಗಿ. ಮನೆಯಲ್ಲಿ ಒಬ್ಬರಿಗಾದರೂ ಬುದ್ಧಿ ಬಂತು. ನನ್ನ ಮಗಳೂ ಬ್ಯಾಂಕ್ ಪರೀಕ್ಷೆ ಕಟ್ಟಲಿಲ್ಲ.

ಕೊನೆಯದಾಗಿ ನೋಟಿನ ವಿಷಯ. ಆಗ ಹೇಳಿದ ಆ ಕ್ರೂನ್, ನಿಮ್ಮ ಜೊತೆಗೇ 1992ರ ಜೂನ್‌ನಲ್ಲಿ ಕೆಲಸಕ್ಕೆ ಸೇರಿದ್ದು, 2010ರ ಕೊನೆಯವರೆಗೆ ಓಡಾಡಿತು. 2011ರ ಜನವರಿ 1ರಂದು ಯೂರೋ ಬಂತು, ಕ್ರೂನ್ ನಿವೃತ್ತಿಯಾಯಿತು. ಹಳೇ ನೋಟು ಅಂದರೆ ಏನೆಂದು ನನಗೆ ಗೊತ್ತು. 2016ರ ನವೆಂಬರ್‌ನಲ್ಲಿ ನಮ್ಮಲ್ಲಿ ಐನೂರು, ಸಾವಿರದ ನೋಟು ರಾತ್ರಿ ಬೆಳಗಾಗುವುದರಲ್ಲಿ ಕಾಗದವಾದಾಗ, ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟು ಮರೆತಿದ್ದ ನಾಲ್ಕು ನೋಟು ಹಿಡಿದು ಗಡುವು ಮುಗಿದ ಮೇಲೆ ಬಂದ ಪಕ್ಕದ ಮನೆಯ ಅಜ್ಜಿಗೆ ಸಮಾಧಾನ ಹೇಳಿದ್ದು ನಾನೇ. ಆದರೆ ನಿಮ್ಮ ಕೇಂದ್ರ ಬ್ಯಾಂಕು ಇವತ್ತಿಗೂ ಹಳೇ ಕ್ರೂನ್ ತಂದುಕೊಟ್ಟರೆ ಎಣಿಸಿಕೊಂಡು ಯೂರೋ ಕೊಡುತ್ತದೆ. ಒಂದು ಯೂರೋಗೆ 15.6466 ಕ್ರೂನ್, ಅಂದಿನ ದರವೇ. ಗಡುವು ಇಲ್ಲ. ಚಲಾವಣೆಯಿಂದ ಹೋದದ್ದಕ್ಕೂ ಬೆಲೆ ಹಾಗೇ ಇಟ್ಟಿರುವ ದೇಶ ನಿಮ್ಮದು. ನಿಮ್ಮೊಬ್ಬರನ್ನೇ ದೂರಿ ಏನು ಪ್ರಯೋಜನ.

ಆದ್ದರಿಂದ ತಾವು ಇನ್ನು ಮುಂದಾದರೂ ಒಂದೆರಡು ದೊಡ್ಡ ತಪ್ಪು ಮಾಡಿ, ಜನರ ಬೇಸರ ಗಳಿಸಿ, ನಿವೃತ್ತರ ಸಾಲಿಗೆ ಬಂದು ಟೋಕನ್ ತಗೊಂಡು ಕೂರಬೇಕೆಂದು ಈ ಮೂಲಕ ವಿನಂತಿ.

ಇಂತಿ ನಿಮ್ಮ,
ಕೌಂಟರ್ ನಂಬರ್ 2ರ ಮಾಜಿ ಕ್ಯಾಷಿಯರ್

ಮರೆತ ಮಾತು: ಆ ಕ್ಷೌರಿಕ ತಪ್ಪಾಗಿ ಕತ್ತರಿಸಿದ್ದಕ್ಕೆ ರಿಯಾಯಿತಿ ಏನೂ ಕೊಡಲಿಲ್ಲ, ಪೂರ್ತಿ ದುಡ್ಡು ಕೇಳಿದ. ಇಪ್ಪತ್ತರ ನೋಟು ಕೊಟ್ಟೆ. ಇನ್ನೂ ನಿಮ್ಮ ಗೋಲಿನ ಗುಂಗಿನಲ್ಲೇ ಇದ್ದವನು ಚಿಲ್ಲರೆ ಕೊಡುವಾಗ ಐದು ಪೌಂಡಿನ ನೋಟು ಒಂದರ ಬದಲು ಎರಡು ಕೊಟ್ಟ. ಹೊಸ ನೋಟುಗಳು, ಒಂದಕ್ಕೊಂದು ಅಂಟಿಕೊಂಡಿದ್ದವು. ಹೆಬ್ಬೆರಳಿಗೆ ಗೊತ್ತಾಯಿತು. ಬಿಡಿಸಿ, ಒಂದನ್ನು ಗಲ್ಲಾದ ಮೇಲೆ ಇಟ್ಟೆ. ಅವನು ನೋಟನ್ನು ನೋಡಿದ, ನನ್ನನ್ನು ನೋಡಿದ. "ಗುಡ್ ಸೇವ್" ಅಂದ.